ಸೇಠರ ಮೀಸೆಮೀನು

“ಬಾಗಸಬ್ಯಾಡ್ರೋ. ಎಡಕಿನವ ಮ್ಯಾಲೆತ್ತು, ಬಲಕಿನವ ತಡಿ. ತಡಿ ಅಂದ್ರ ತಡೀಬೇಕು.”

ಅಣವೀರಪ್ಪ ಮೆಟ್ಟಿಲ ತುದಿಯಲ್ಲಿ ನಿಂತು ಎರಡೂ ಕೈ ಆಡಿಸುತ್ತಿದ್ದ. ಕೆಳಗೆ, ಮೆಟ್ಟಿಲು ತಿರುಗುವ ಇಕ್ಕಟ್ಟಿನಲ್ಲಿ, ಇಬ್ಬರು ಹಮಾಲರೂ ಅವನ ಮಗ ಗುರಲಿಂಗಪ್ಪನೂ ಕಬ್ಬಿಣದ ಚೌಕಟ್ಟಿನ ದೊಡ್ಡ ಗಾಜಿನ ತೊಟ್ಟಿಯೊಂದನ್ನು ಹೊತ್ತು ಸಿಕ್ಕಿಕೊಂಡಿದ್ದರು. ತಳದಲ್ಲಿ ಉಳಿದಿದ್ದ ಉಸುಕುನೀರು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಹರಿದು ಗುರಲಿಂಗಪ್ಪನ ಪ್ಯಾಂಟಿನ ಮೇಲೆ ಚೆಲ್ಲಿತು. ಅವರ ಹಿಂದೆ ಸೊಸೆ ಮಲ್ಲಕ್ಕ ಎರಡೂ ಕೈಯಲ್ಲಿ ಬಕೆಟ್ಟು ಹಿಡಿದು ಕಾಯುತ್ತಿದ್ದಳು. ಬಕೆಟ್ಟಿನಲ್ಲಿ ಮೀನುಗಳಿದ್ದವು. ಮೇಲೆ ಮುಚ್ಚಿದ ಅರಿವೆಗೆ ಒಳಗಿನಿಂದ ಏನೋ ಟಪ್ಪೆಂದು ಬಡಿದಾಗಲೆಲ್ಲ ಅವಳ ತೋಳು ಬಿಗಿಯುತ್ತಿತ್ತು.

“ಏನ ಮೇಸ್ತ್ರಿ,” ಗ್ಯಾಲರಿಯ ಕಟಕಟೆಗೆ ಒರಗಿ ನಿಂತಿದ್ದ ಪಕ್ಕದ ಖೋಲಿಯ ಧರ್ಮಣ್ಣ ಕೇಳಿದ, “ಲಿಂಗವಂತರ ಮನಿಗೆ ಮೀನು ಬಂದ್ವು. ಮುಂಜಾನಿ ಹುರೀತೀರೋ, ಸಂಜೀಕೋ?”

“ಇವು ನೋಡೂ ಮೀನ. ತಿನ್ನೂ ಮೀನ ಅಲ್ಲ.”

“ನೋಡಿ ನೋಡಿ ಹೊಟ್ಟಿ ತುಂಬಿಸ್ಕೋತೀರಿ ಅನ್ನು.”

ಎಲ್ಲರೂ ನಕ್ಕರು. ಮಲ್ಲಕ್ಕ ನಗಲಿಲ್ಲ. ಅವಳ ಕೈ ಸೋತಿತ್ತು.

ಮೀನು ಮನ್ಸುಖಾನಿ ಸೇಠರವು. ಸೇಠರಿಗೆ ಅಂಧೇರಿಯಲ್ಲಿ ಬಂಗಲೆ, ಊರ ತುಂಬ ಕಟ್ಟಡದ ಕೆಲಸ. ಅವರ ಕಟ್ಟಡಗಳಿಗೆ ಮೊಸಾಯಿಕ್ ನೆಲ ಹಾಕುತ್ತ ಬಂದ ಮೇಸ್ತ್ರಿ ಅಣವೀರಪ್ಪ. ಬಾಂದ್ರಾದಲ್ಲಿ ಮೇಲೇಳುತ್ತಿದ್ದ ಹೊಸ ಬಿಲ್ಡಿಂಗಿನ ನೆಲವೂ ತನಗೇ ಸಿಗಬೇಕೆಂದು ಅವನು ಸೇಠರ ವರಾಂಡದಲ್ಲಿ ದಿನಗಟ್ಟಲೆ ಕಾದಿದ್ದ. ಸೇಠರು ಹೆಂಡತಿಯೊಡನೆ ಮಗಳ ಬಾಣಂತನಕ್ಕೆಂದು ನೈರೋಬಿಗೆ ಹೊರಟಿದ್ದರು. ಹಿಂದಿನ ಸಲ ಹೋದಾಗ ಮನೆಯ ಆಳುಗಳು ಮೀನುಗಳನ್ನು ಕೊಂದಿದ್ದರಂತೆ. ಸೇಠರು ಈ ಚಿಂತೆ ತೋಡಿಕೊಂಡ ಕೂಡಲೇ ಅಣವೀರಪ್ಪನ ಬಾಯಿಂದ ಮಾತು ಬಿದ್ದಿತ್ತು: “ನಮ್ಮಲ್ಲಿ ಇಡ್ರಿ ಸೇಠ. ನಮ್ಮ ಸೊಸಿ ಇಡೀ ದಿನ ಮನ್ಯಾಗ ಖಾಲಿ ಇರ್ತಾಳ.”

ಆ ಸೊಸೆ ಸೋಮವಾರದಿಂದ ಕೆಲಸಕ್ಕೆ ಹೋಗುವವಳಿದ್ದಳು. ಮುಲುಂಡಿನಲ್ಲೇ, ರೈಲು ಹಳಿಯ ಆಚೆಗೆ, ಗುಳಿಗೆ ಮಾಡುವ ಕಾರ್ಖಾನೆ. ಅಲ್ಲಿಯ ಪ್ಯಾಕಿಂಗ್ ಖಾತೆಯಲ್ಲಿ ಗ್ಯಾಲರಿಯ ಕೊನೆಯ ಖೋಲಿಯ ಇಮಾಮಬಿ ದುಡಿಯುತ್ತಿದ್ದಳು. ವಿಜಾಪುರದ ಕಡೆಯವಳು. ಹೊಸ ಹೆಂಗಸರನ್ನು ತೆಗೆದುಕೊಳ್ಳುತ್ತಾರೆಂದು ಸುದ್ದಿ ತಂದು, ಸೂಪರ್‌ವೈಸರ್ ಸಾವಂತಬಾಯಿಗೆ ಮಲ್ಲಕ್ಕನನ್ನು ತೋರಿಸಿ, ‘ಹೂಂ’ ಅನ್ನಿಸಿದ್ದವಳು ಅವಳೇ. ಮನೆಯಲ್ಲಿ ‘ಹೂಂ’ ಅನ್ನಿಸಲು ಮಲ್ಲಕ್ಕನಿಗೆ ಒಂದು ಬೇಸಿಗೆಯಿಡೀ ಹಿಡಿದಿತ್ತು. ಗಂಡನನ್ನು ಒಪ್ಪಿಸಿ, ಗಂಡನ ಕೈಲಿ ಮಾವನನ್ನು ಒಪ್ಪಿಸಿ, ಅತ್ತೆ ಭಾಗವ್ವ ಮಾತು ಬಿಟ್ಟಿದ್ದನ್ನೂ ನುಂಗಿಕೊಂಡು, ಕಡೆಗೆ ಸ್ಟೇಷನ್ ರೋಡಿನಲ್ಲಿ ಎರಡು ಖಾನೆಯ ಊಟದ ಡಬ್ಬಿಯೊಂದನ್ನು ಕೊಂಡು ತಂದಿದ್ದಳು. ಅದು ಇನ್ನೂ ಹೊಸದು, ಗೂಟಕ್ಕೆ ಹಾಕಿದ ಚೀಲದಲ್ಲಿತ್ತು.

“ಸೋಮವಾರ ನಾ ಹ್ಯಾಂಗ ಮಾಡ್ಲಿ?” ಮಲ್ಲಕ್ಕ ಗಂಡನನ್ನು ಕೇಳಿದಳು. ಅವನು ಒದ್ದೆ ಪ್ಯಾಂಟು ಹಿಂಡುತ್ತಿದ್ದ.

“ಅಪ್ಪನ್ನ ಕೇಳು.”

“ಮಾವಾರನ್ನ ನಾ ಕೇಳೂದು ನೀವು ಕೇಳೂದು ಒಂದ ಏನ್ರಿ?”

ಗುರಲಿಂಗಪ್ಪ ಕೇಳಿದ. ಅಣವೀರಪ್ಪ ತೊಟ್ಟಿಯ ಗಾಜು ಒರೆಸುತ್ತಲೇ ಹೇಳಿದ: “ಎರಡ ತಿಂಗಳ. ಕಾರ್ಖಾನಿ ಎಲ್ಲಿಗೆ ಓಡಿ ಹೋಗತೈತಿ? ಬಾಂದ್ರಾದ ಕೆಲಸ ಕೈಗೆ ಬರಲಿ. ಆಮ್ಯಾಲ ಆಕಿ ಬೇಕಾದಲ್ಲಿ ಹೋಗ್ಲಿ.”

“ಕೇಳಿದ್ಯಲಾ?” ಅಂದ ಗುರಲಿಂಗಪ್ಪ, ಮಹಾ ಏನೋ ಸಾಧಿಸಿದವನಂತೆ.

*

ತೊಟ್ಟಿಯ ಹಳೆಯ ಉಸುಕು ದಾರಿಯಲ್ಲೇ ನಾರಲು ಹತ್ತಿತ್ತು. ಅಣವೀರಪ್ಪ ಅದನ್ನು ಗಟಾರಕ್ಕೆ ಚೆಲ್ಲಿದ. ಮರುದಿನ ಕೆಲಸದಿಂದ ಬರುವಾಗ ಚೀಲದ ತುಂಬ ಮೊಸಾಯಿಕ್ ಚಿಪ್ಸು ತಂದ. ಬಿಳಿ, ಕರಿ, ಹಸಿರು ಅಮೃತಶಿಲೆಯ ಚೂರುಗಳು. ಅವನ್ನು ಮೂರು ನೀರಿನಲ್ಲಿ ತೊಳೆದು, ಕುಕ್ಕರುಗಾಲಲ್ಲಿ ಕೂತು, ತೊಟ್ಟಿಯ ತಳಕ್ಕೆ ನೆಲ ಹಾಕುವ ಹಾಗೆಯೇ ಹಾಕಿದ. ನಡುವೆ ಕಮಲ, ಸುತ್ತ ಕರಿ ಅಂಚು. ಕೈಯಿಂದ ತಟ್ಟಿ ತಟ್ಟಿ ಸಮ ಮಾಡಿದ. ನೀರು ತುಂಬಿ ಬಲ್ಬು ಹಚ್ಚಿದಾಗ ಚಾಳಿಗೆ ಚಾಳೇ ಬಾಗಿಲಲ್ಲಿ ನಿಂತಿತು. ಭಾಗವ್ವ ಸಹಿತ ಅಡುಗೆ ಬಿಟ್ಟು ಬಂದು ನೋಡಿದಳು. ಆಮೇಲೆ ದೃಷ್ಟಿಯಾಗಬಾರದೆಂದು ಗಾಜಿನ ಮೂಲೆಗೆ ಮೂರು ಬೆರಳು ವಿಭೂತಿ ಎಳೆದಳು.

ಮೇಲೆ ಏಂಜೆಲ್ ಮೀನುಗಳು ಸೆರಗು ಬಿಟ್ಟುಕೊಂಡು ಅಡ್ಡಾಡುತ್ತಿದ್ದವು. ಜನ ನೋಡಿದ್ದು ಅವನ್ನೇ. ಸೇಠರು ಕಾಳಜಿ ಮಾಡಲು ಹೇಳಿದ್ದು ಬೇರೆಯವನ್ನು. ಕಮಲದ ಮೇಲೆ, ಹೆಬ್ಬೆರಳಿಗಿಂತ ಗಿಡ್ಡ, ಕಂಚಿನ ಬಣ್ಣದ ಅರ್ಧ ಡಜನ್ ಮೀನು. ಬಾಯಿಯ ಎರಡೂ ಬದಿಗೆ ಮೀಸೆ. ಅವು ಕಲಕತ್ತೆಯಿಂದ ವಿಮಾನದಲ್ಲಿ ಬಂದವಂತೆ. ಅಲ್ಲಿಗೆ ಇನ್ನೆಲ್ಲಿಂದಲೋ ಹಡಗಿನಲ್ಲಿ ಬಂದಿದ್ದವಂತೆ. ತಳ ಬಿಟ್ಟು ಅವು ಏಳುವುದೇ ಇಲ್ಲ. ಒಮ್ಮೊಮ್ಮೆ ಮಾತ್ರ ಬಾಣದ ಹಾಗೆ ಮೇಲೆ ಹೋಗಿ, ಒಂದು ಗುಟುಕು ಗಾಳಿ ಕುಡಿದು, ಬಂದ ದಾರಿಯಲ್ಲೇ ಕೆಳಗೆ ಬೀಳುತ್ತಿದ್ದವು.

“ಇವಕ್ಕ ಸೇಠರು ಜಮಾದಾರ ಅಂತಾರ,” ಅಣವೀರಪ್ಪ ಎಲ್ಲರಿಗೂ ವಿವರಿಸಿದ. “ಕಸಾ ತಿಂದು ತಳಾ ಸ್ವಚ್ಛ ಇಡ್ತಾವ. ಮ್ಯಾಲಿನವು ತಿಂದು ಬಿಟ್ಟದ್ದ ಇವಕ್ಕ ಊಟ.”

“ಅಪ್ಪಾ, ಮೂಛ್ ನಿನ್ನಂಗೇ ಐತಿ,” ಅಂದಳು ಕಸ್ತೂರಿ. ಗುರಲಿಂಗಪ್ಪನ ತಂಗಿ. ಹತ್ತನೇ ಇಯತ್ತೆ ಓದುತ್ತಿದ್ದಳು. ಕನ್ನಡ ಹಿಂದಿ ಎರಡನ್ನೂ ಒಂದೇ ಬಾಯಲ್ಲಿ ಜಗಿಯುವವಳು. ಅಣವೀರಪ್ಪ ಮೀಸೆ ಮುಟ್ಟಿಕೊಂಡು ನಕ್ಕ. ಆ ದಿನ ಅವನು ಒಳ್ಳೆಯ ಮನಸ್ಸಿನಲ್ಲಿದ್ದ.

ಮೀನಿನ ಕೆಲಸ ಮಾತ್ರ ನಗುವಂಥದಾಗಿರಲಿಲ್ಲ. ಆ ವರ್ಷ ಊರಿಗೆಲ್ಲ ನೀರಿನ ಕಡಿತ. ನಸುಕಿನಲ್ಲಿ ಕೆಳಗಿನ ನಲ್ಲಿಗೆ ನೀರು ಬಂದರೆ ಬಂತು, ಇಲ್ಲವಾದರೆ ಇಲ್ಲ. ನಲ್ಲಿಯ ನೀರಿಗೆ ಔಷಧದ ವಾಸನೆ. ಅದನ್ನು ಒಂದು ದಿನ ತೆರೆದಿಟ್ಟ ಮೇಲೆಯೇ ತೊಟ್ಟಿಗೆ ಹಾಕಬೇಕೆಂದು ಸೇಠರ ಅಪ್ಪಣೆ. ಮಲ್ಲಕ್ಕ ಮನೆಯ ನೀರಿನ ಜೊತೆಗೆ ಮೀನಿನ ಎರಡು ಕೊಡವನ್ನೂ ಹೊತ್ತು ಮೆಟ್ಟಿಲು ಹತ್ತುತ್ತಿದ್ದಳು. ಪಾಳಿಯಲ್ಲಿ ಹೆಂಗಸರು ಬೈದರು. ಮನೆಯಲ್ಲಿ ಭಾಗವ್ವ ಬೈದಳು.

“ಲಿಂಗಪೂಜಿ ನೀರಿನ ಮಗ್ಗಲಕ ಮೀನದ ನೀರಿಟ್ಟೀದಿಯಲ್ಲ. ಕಣ್ಣಿಗೆ ಕಾಣಂಗಿಲ್ಲೇನು ನಿನಗ?”

“ಎಲ್ಲಿಡ್ಲಿ ಅತ್ತಿ? ಇರೂದ ಒಂದ ಖೋಲಿ.”

“ನೆತ್ತಿ ಮ್ಯಾಲ ಇಟ್ಟುಕೋ.”

ವಾರಕ್ಕೊಮ್ಮೆ ಸೇಠರ ಡ್ರೈವರು ಹುಳ ತಂದುಕೊಟ್ಟು ಹೋಗುತ್ತಿದ್ದ. ಕೆಂಪು ನೂಲಿನಂಥ ಜೀವಂತ ಹುಳಗಳ ಮುದ್ದೆ, ಒದ್ದೆ ಅರಿವೆಯಲ್ಲಿ ಸುತ್ತಿದ್ದು. ಚಿಟಿಕೆ ಹುಳ ನೀರಿಗೆ ಬಿಟ್ಟರೆ ಅದು ಸೀದಾ ತಳಕ್ಕಿಳಿಯುತ್ತಿತ್ತು. ಮೀಸೆಯವು ಮೂಗು ಊರಿ ಅದನ್ನು ಹೆಕ್ಕುತ್ತಿದ್ದವು. ಮೊದಲನೆಯ ಸಲ ಮಲ್ಲಕ್ಕ ನಲ್ಲಿಯಿಂದ ಬರುವಷ್ಟರಲ್ಲಿ ಮಾವ ಹುಳಗಳನ್ನು ಅವಳ ಹೊಸ ಊಟದ ಡಬ್ಬಿಗೆ ಹಾಕಿ ಮುಚ್ಚಿದ್ದ.

ಅವಳು ಕೊಡ ಇಳಿಸುವುದನ್ನೂ ಮರೆತು ನಿಂತಳು. “ಅದು ನನ್ನ ಡಬ್ಬಿರಿ.”

“ಖಾಲಿ ಬಿದ್ದಿತ್ತು, ತಗೊಂಡೆ. ಮುಚ್ಚಳ ಬಿಗಿ ಐತಿ.”

“ಖಾಲಿ ಯಾಕ ಬಿದ್ದಿತ್ರಿ?”

ಅಣವೀರಪ್ಪನಿಗೆ ಪ್ರಶ್ನೆ ತಿಳಿಯಲೇ ಇಲ್ಲ. ಭಾಗವ್ವನಿಗೆ ತಿಳಿದದ್ದು ಒಳಗಿನ ಹುಳ ಮಾತ್ರ. ಮುಚ್ಚಳ ತೆಗೆದು ನೋಡಿದವಳು ಬಾಗಿಲಿಗೆ ಓಡಿದಳು. ಹುಳದ ಡಬ್ಬಿ ಮನೆಯಲ್ಲಿದ್ದರೆ ತಾನು ಈ ಮನೆಯಲ್ಲಿ ಉಣ್ಣುವುದಿಲ್ಲ ಅಂದಳು. ಡಬ್ಬಿ ಇಮಾಮಬಿಯ ಬಾಗಿಲ ಹೊರಗೆ ಹೋಯಿತು.

“ನಿಮ್ಮಲ್ಲಿ ನಡೀತೈತಿ ಅಂತ ಇಟ್ಟಾರ,” ಮಲ್ಲಕ್ಕ ಸಂಕೋಚದಿಂದ ಹೇಳಿದಳು.

“ನಾವು ಕುರಿ ತಿಂತೀವಿ ಮಲ್ಲಕ್ಕ, ಹುಳಾ ತಿನ್ನಂಗಿಲ್ಲ,” ಅಂದಳು ಇಮಾಮಬಿ. “ಇರಲಿ ಬಿಡು. ಆದರ ನೋಡು, ಸಾವಂತಬಾಯಿ ದಿನಾ ಕೇಳ್ತಾಳ. ನಿನ್ನ ಗೆಳತಿ ಎಲ್ಲಿ ಅಂತ. ಊರಿಗೆ ಹೋಗ್ಯಾಳ ಅಂತ ಸುಳ್ಳ ಹೇಳೀನಿ. ಎಷ್ಟ ದಿನ ಹೇಳ್ಲಿ?”

“ಇನ್ನ ಒಂದೀಟ ದಿನ ಹೇಳು.”

ಶ್ರಾವಣ ಹಿಡಿಯಿತು. ಶ್ರಾವಣ ಸೋಮವಾರ ಬಾಗಿಲಿಗೆ ಹುಳ ಹಿಡಿದುಕೊಂಡು ಬಂದ ಡ್ರೈವರನನ್ನು ಭಾಗವ್ವ ಮೆಟ್ಟಿಲಿಂದಲೇ ವಾಪಸು ಅಟ್ಟಿದಳು. ಮತ್ತೆ ಅವನು ಬರಲಿಲ್ಲ.

*

ಹುಳ ನಿಂತ ಮೇಲೆ ಉಳಿದದ್ದು ಸೇಠರು ಕೊಟ್ಟಿದ್ದ ಡಬ್ಬದ ಒಣ ಪುಡಿ. ಪುಡಿ ನೀರಿನ ಮೇಲೆ ತೇಲುತ್ತಿತ್ತು. ಏಂಜೆಲ್‌ಗಳು ಬಾಯಿ ತೆರೆದುಕೊಂಡು ಬಂದು ಎಲ್ಲವನ್ನೂ ಮುಗಿಸುತ್ತಿದ್ದವು. ತಳಕ್ಕೆ ಇಳಿದ ಒಂದೆರಡು ಕಣವೂ ಕಮಲದ ಎಸಳುಗಳ ಸಂದಿಯಲ್ಲಿ ಸೇರಿಹೋಗುತ್ತಿತ್ತು. ಮಲ್ಲಕ್ಕ ರೊಟ್ಟಿ ಬಡಿಯುತ್ತ ಕೂತಲ್ಲಿಂದ ತೊಟ್ಟಿಯ ತಳ ನೇರ ಕಣ್ಣಿಗೆ ಬೀಳುತ್ತಿತ್ತು. ರೇಶನ್ನಿನ ಕೆಂಪು ಜೋಳ ಅದು, ಹಿಟ್ಟು ಹದಕ್ಕೆ ಬರುತ್ತಿರಲಿಲ್ಲ, ರೊಟ್ಟಿ ತಟ್ಟಿದಷ್ಟೂ ಹರಿಯುತ್ತಿತ್ತು. ಹರಿದ ರೊಟ್ಟಿಗಳು ಕಡೆಗೆ ಅವಳ ಪಾಲು. ಗಂಡಸರು ಉಂಡು, ಕಸ್ತೂರಿ ಉಂಡು, ಅತ್ತೆ ಉಂಡ ಮೇಲೆ ಅವಳು ಪುಂಡಿಪಲ್ಯದ ಬೋಗುಣಿಯನ್ನೇ ಮುಂದೆಳೆದುಕೊಂಡು ಅದಕ್ಕೇ ರೊಟ್ಟಿ ಒರೆಸಿಕೊಂಡು ತಿನ್ನುತ್ತಿದ್ದಳು.

“ಆ ತಳದವು ಬಡವಾಗ್ಯಾವ,” ಒಂದು ಸಂಜೆ ಅವಳು ಹೇಳಿದಳು. “ಹೊಟ್ಟಿ ಒಳಗ ಹೋಗ್ಯಾವ ನೋಡ್ರಿ.”

“ಅವು ಇರೂದ ಹಂಗ,” ಅಂದ ಅಣವೀರಪ್ಪ, ರೊಟ್ಟಿ ಮುರಿಯುತ್ತ.

“ಮೀಸಿನೂ ಗಿಡ್ಡ ಆಗ್ಯಾವ.”

“ಮೀಸಿ ಗಿಡ್ಡ ಆಗ್ಯಾವ? ಯಾವ ಹಜಾಮ ಬಂದು ಕತ್ತರಿಸಿ ಹೋದ?”

ಗುರಲಿಂಗಪ್ಪ ನಕ್ಕ. ಕಸ್ತೂರಿ ಎದ್ದು ಹೋಗಿ ಗಾಜಿಗೆ ಮೂಗು ಹಚ್ಚಿ ನೋಡಿದಳು. “ಅಪ್ಪಾ, ವೈನಿ ಸಚ್ ಹೇಳ್ತಾಳ. ಒಂದಕ್ಕ ಮೂಛ್ ಇಲ್ಲೇ ಇಲ್ಲ.”

“ನೀ ಕುಂತು ಓದು. ಮೀನದ ಡಾಕ್ಟರಾಗಬ್ಯಾಡ.”

ಎರಡು ದಿನದ ನಂತರ ಒಂದು ಮೀನು ಕಮಲದ ಮೇಲೆ ಅಂಗಾತ ಬಿದ್ದಿತ್ತು. ಮಲ್ಲಕ್ಕ ತೋಳೇರಿಸಿ ನೀರಿಗೆ ಕೈಹಾಕಿದಳು. ಸತ್ತ ಮೇಲೂ ಅದರ ರೆಕ್ಕೆಯ ಮುಳ್ಳು ಸೆಟೆದುಕೊಂಡಿತ್ತು, ಬೆರಳಿಗೆ ಚುಚ್ಚಿತು. ಕೈ ಹಿಂದಕ್ಕೆಳೆಯುವಾಗ ಚಿಪ್ಸಿನ ಅಲಗು ಮಣಿಕಟ್ಟಿಗೆ ತಾಗಿ ಸಣ್ಣ ಗೀರು ಬಿತ್ತು. ಅವಳು ಗೀರನ್ನು ನೋಡಿದಳು. ಮತ್ತೊಮ್ಮೆ ಕೈಹಾಕಿ, ಬೇಕೆಂತಲೇ, ಅಂಗೈಯನ್ನು ತಳದ ಮೇಲೆ ಎಳೆದಳು. ಒಡೆದ ಬಳೆಚೂರುಗಳ ಮೇಲೆ ಕೈಯೂರಿದ ಹಾಗಿತ್ತು.

ಅವತ್ತಿನ ಸಂಜೆಯ ಊಟ ಯಾರಿಗೂ ಇಳಿಯಲಿಲ್ಲ.

“ಸೇಠರಿಗೆ ಏನ ಮಾರಿ ತೋರಸ್ಲಿ ನಾ?” ಅಣವೀರಪ್ಪ ತಾಟು ಸರಿಸಿದ. “ವಿಮಾನದಾಗ ಬಂದ ಮೀನ. ಎದಕ ಸತ್ತಿತು? ಯಾರ ನೋಡ್ಕೊಳ್ಳಾಕಿ? ಇಡೀ ದಿನ ಮನ್ಯಾಗ ಇರ್ತಿ. ಮತ್ತೇನ ಕೆಲಸ ಐತಿ ನಿನಗ?”

“ಕೆಲಸ ಇತ್ರಿ,” ಅಂದಳು ಮಲ್ಲಕ್ಕ. “ಸೋಮವಾರದಿಂದ ಇತ್ತು.”

ಭಾಗವ್ವ ನಡುವೆ ಬಾಯಿ ಹಾಕಿದಳು. “ನೋಡು, ಹೆಂಗ ಮಾತಾಡ್ತಾಳ. ಇನ್ನ ಕಾರ್ಖಾನಿ ಮೆಟ್ಟಿಲ ತುಳದಿಲ್ಲ.”

“ಹುಳಾ ಬಿಡಿಸಿದವ್ರು ನೀವು ಅತ್ತಿ. ಅವಕ್ಕ ತಿನ್ನಾಕ ಏನೂ ಇಲ್ಲ. ಪುಡಿ ಮ್ಯಾಲಿನವ ತಿಂತಾವ. ಆ ಕಲ್ಲ ಮೂಗ ಕೊಯ್ತಾವ.”

“ಯಾವ ಕಲ್ಲ?” ಅಣವೀರಪ್ಪನ ದನಿ ಇಳಿಯಿತು. “ನನ್ನ ಚಿಪ್ಸಿನ ಮಾತೇನು? ಆ ಚಿಪ್ಸಿನ ಮ್ಯಾಲ ಬೊಂಬಾಯಿಯ ದೊಡ್ಡ ದೊಡ್ಡ ಮಂದಿ ಬರಿಗಾಲಲೆ ಅಡ್ಡಾಡ್ತಾರ.”

“ನೀವು ಅದನ್ನ ಸಿಮೆಂಟಿನ್ಯಾಗ ಕೂಡಿಸಿ, ತಿಕ್ಕಿ, ಪಾಲಿಶ್ ಮಾಡಿದ ಮ್ಯಾಲ ಅಡ್ಡಾಡ್ತಾರ. ಇಲ್ಲೆ ತಿಕ್ಕಿದ್ದಿಲ್ಲ.”

ಗುರಲಿಂಗಪ್ಪ ತಲೆ ಎತ್ತಲಿಲ್ಲ. ಅಣವೀರಪ್ಪ ಕೈ ತೊಳೆದುಕೊಂಡು ಗ್ಯಾಲರಿಗೆ ಹೋದ. ಬೀಡಿ ಹಚ್ಚುವ ಕಡ್ಡಿ ಎರಡು ಸಲ ಆರಿ ಮೂರನೆಯ ಸಲಕ್ಕೆ ಹತ್ತಿತು.

“ನಿನಗ ಸುಮ್ನಿರಾಕ ಏನಾಗಿತ್ತು?” ಗಂಡ ಕೇಳಿದ.

“ನಿಮಗ ಮಾತಾಡಾಕ ಏನಾಗಿತ್ತು?”

*

ಮರುದಿನ ಇಮಾಮಬಿ ಕಾರ್ಖಾನೆಯಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮಲ್ಲಕ್ಕನ ಬಾಗಿಲಿಗೆ ಬಂದಳು. ಆ ಜಾಗ ಹೋಗಿತ್ತು. ಭಾಂಡೂಪಿನ ಒಬ್ಬಳನ್ನು ತೆಗೆದುಕೊಂಡಿದ್ದರು.

“ನಾ ಖರೇನ ಹೇಳಿಬಿಟ್ಟೆ,” ಅಂದಳು. “ಮಾವ ಯಾರದೋ ಮೀನ ತಂದಿಟ್ಟಾನ, ಆಕಿ ಕಾಯ್ತಾಳ ಅಂತ. ಸಾವಂತಬಾಯಿ ಇಡೀ ಖಾತೆಗೆ ಕೇಳೂ ಹಂಗ ನಕ್ಳು. ನಮ್ಮಲ್ಲಿ ಮೀನ ಇಲ್ಲ, ಗುಳಿಗಿ ಅದಾವ ಅಂತ ಹೇಳು ಅಂದ್ಳು.”

ಮಲ್ಲಕ್ಕ ಕಟಕಟೆ ಹಿಡಿದು ಕೆಳಗೆ ನೋಡಿದಳು. ಲೋಕಲ್ ಹೋದ ಸದ್ದು ಬಂತು. ಚಾಳಿನ ಗಾಜುಗಳೆಲ್ಲ ಅಲುಗಿದವು. ಒಳಗೆ ತೊಟ್ಟಿಯ ನೀರೂ ಅಲುಗಿರಬೇಕು.

“ಮತ್ತ ತಗೋತಾರೇನು?”

“ದೀಪಾವಳಿ ಮುಂದ ತಗೊಂಡ್ರ ತಗೋತಾರ. ಆದರ ಆವಾಗ ನಾ ಸುಳ್ಳ ಹೇಳಂಗಿಲ್ಲ. ನೀನ ಬಂದು ನಿಂದರಬೇಕು.”

ಮರುದಿನ ಮಧ್ಯಾಹ್ನ ಮಲ್ಲಕ್ಕ ಸೇಠರ ಪುಡಿಗೆ ಬೆಂದ ಹೆಸರುಬೇಳೆ ಮತ್ತು ಹಿಡಿ ಹಿಟ್ಟು ಸೇರಿಸಿ ನಾದಿದಳು. ಕಾಳುಮೆಣಸಿನಷ್ಟು ಉಂಡೆಗಳನ್ನು ಕಟ್ಟಿ ಮೊರದಲ್ಲಿ ಹಾಕಿ ಗ್ಯಾಲರಿಯ ಬಿಸಿಲಿಗಿಟ್ಟಳು. ಒಣಗಿದ ಒಂದನ್ನು ಲೋಟದ ನೀರಿಗೆ ಹಾಕಿ ನೋಡಿದಳು. ಮುಳುಗಿತು.

ಸಂಜೆ ದೀಪ ಹಚ್ಚುವ ಹೊತ್ತಿಗೆ ತೊಟ್ಟಿಯ ಬಲ್ಬು ಆರಿಸಿ, ಮೇಲೆ ಹಳೆಯ ಸೀರೆ ಹೊದೆಸಿದಳು. ಕತ್ತಲಾದದ್ದೇ ಏಂಜೆಲ್‌ಗಳು ಮೂಲೆ ಹಿಡಿದು ನಿಂತವು. ಆಗ ಸೀರೆಯ ಅಂಚು ಎತ್ತಿ ಉಂಡೆಗಳನ್ನು ಒಂದೊಂದಾಗಿ ಬಿಟ್ಟಳು. ಮೀಸೆಯವು ಮೊದಲು ಅಲ್ಲಾಡಲಿಲ್ಲ. ಆಮೇಲೆ ಒಂದು ಬಂತು, ಅದರ ಬೆನ್ನಿಗೆ ಉಳಿದವು. ಗಾಜಿನ ಹತ್ತಿರ ಬಂದ ಒಂದು ಮೀನು ತಿನ್ನುತ್ತ ತಿನ್ನುತ್ತ ಅವಳ ಕಡೆ ಒಂದು ಕಣ್ಣು ಮಿಟುಕಿಸಿತು. ಮೀನು ಕಣ್ಣು ಮಿಟುಕಿಸುತ್ತದೆಂದು ಅವಳು ಯಾರಿಂದಲೂ ಕೇಳಿರಲಿಲ್ಲ. ಯಾರಿಗೂ ಹೇಳಲೂ ಹೋಗಲಿಲ್ಲ.

ನಾಲ್ಕು ದಿನ ಎಲ್ಲ ನೆಟ್ಟಗೆ ನಡೆಯಿತು. ಐದನೆಯ ದಿನ ಭಾಂಡೂಪಿನ ವರ್ಕ್‌ಶಾಪಿನಿಂದ ಹಸಿದು ಬಂದ ಗುರಲಿಂಗಪ್ಪ ಮೊರದಲ್ಲಿದ್ದುದನ್ನು ಹಿಡಿತುಂಬ ತೆಗೆದು ಬಾಯಿಗೆ ಹಾಕಿದ.

“ಏನ ಸಂಡಗಿ ಇದು? ಉಪ್ಪ ಇಲ್ಲ, ಖಾರ ಇಲ್ಲ.”

“ಮೀನದ್ದು,” ಅಂದಳು ಕಸ್ತೂರಿ, ಪುಸ್ತಕದಿಂದ ತಲೆ ಎತ್ತದೆ.

“ಮೀನಕ್ಕ ಮಾಡಿದ್ದು ಅನ್ನು.”

“ಸೇಠರ ಪುಡಿ ಅದರಾಗ ಐತಿ ಅಣ್ಣಾ. ಸೂಖಾ ಝಿಂಗಾ. ಒಣ ಸೀಗಡಿ.”

ಗುರಲಿಂಗಪ್ಪ ಗ್ಯಾಲರಿಗೆ ಓಡಿದ. ಭಾಗವ್ವ ಮಗನನ್ನು ಮೈಮೇಲಿನ ಬಟ್ಟೆ ಸಹಿತ ಬಚ್ಚಲಲ್ಲಿ ಕೂರಿಸಿ ಕುಡಿಯಲು ಉಳಿದಿದ್ದ ನೀರನ್ನೆಲ್ಲ ತಲೆಗೆ ಸುರಿದಳು. ಧರ್ಮಣ್ಣ ತನ್ನ ಬಾಗಿಲಿನಿಂದಲೇ ಕೇಳಿದ: “ಏನೋ ಗುರಲಿಂಗಾ, ಕಡೀಕೂ ರುಚಿ ನೋಡೇಬಿಟ್ಟೆ?” ಮೊರ, ನಾದಿದ ಪರಾತ ಎರಡೂ ಹೊರಬಿದ್ದವು. ಅಂದಿನಿಂದ ಮಲ್ಲಕ್ಕ ಉಂಡೆಗಳನ್ನು ಇಮಾಮಬಿಯ ಹೊಸ್ತಿಲಲ್ಲಿ ಕೂತು ಕಟ್ಟಿದಳು.

ಹೊಟ್ಟೆಗೇನೋ ಬಿತ್ತು. ಆದರೆ ಮೀಸೆಗಳು ಸವೆಯುತ್ತಲೇ ಇದ್ದವು. ಅವಳು ಇನ್ನೊಂದು ಸತ್ತ ಮೀನನ್ನು ಎತ್ತಲು ತಯಾರಿರಲಿಲ್ಲ.

ಅತ್ತೆ ಘಾಟಕೋಪರಿನಲ್ಲಿದ್ದ ತಂಗಿಯ ಮನೆಗೆ ಹೋದ ದಿನ, ಚಾಳಿನ ಹಿಂದೆ ರಿಪೇರಿಗೆಂದು ಸುರಿದಿದ್ದ ನದಿಯ ಉಸುಕನ್ನು ಮಲ್ಲಕ್ಕ ಬುಟ್ಟಿಯಲ್ಲಿ ತಂದಳು. ಹಿಟ್ಟಿನ ಜರಡಿಯಲ್ಲಿ ಸೋಸಿದಳು. ಬೆಳಿಗ್ಗೆ ಹಿಡಿದಿಟ್ಟ ನೀರೆಲ್ಲ ಅದನ್ನು ತೊಳೆಯಲು ಹೋಯಿತು. ಮೀನುಗಳನ್ನು ಬಕೆಟ್ಟಿಗೆ ತೆಗೆದು, ಕಮಲವನ್ನು ಎಸಳು ಎಸಳಾಗಿ ಬಾಚಿ, ಮಾವ ಸಿಮೆಂಟು ಹೊರುವ ಘಮೇಲಿಗೆ ತುಂಬಿದಳು. ಅವಳ ಬೆರಳುಗಳಲ್ಲಿ ಹತ್ತಾರು ಗೀರುಗಳಾದವು. ಉಸುಕು ಹರಡಿ, ನೀರು ತಿಳಿಯಾಗಿ, ಮೀಸೆಯವನ್ನು ಒಳಗೆ ಬಿಟ್ಟಾಗ ಅವು ಕಣ್ಣಿನ ತನಕ ಉಸುಕಿಗೆ ಮೂಗು ಹೂತವು. ಕಿವಿರಿನಿಂದ ಉಸುಕು ಹೊಗೆಯ ಹಾಗೆ ಹೊರಬರುತ್ತಿತ್ತು.

ಅಣವೀರಪ್ಪ ಕೆಲಸದಿಂದ ಬಂದ. ಮೊದಲು ಬಾಗಿಲಲ್ಲಿದ್ದ ಘಮೇಲಿ ನೋಡಿದ. ಆಮೇಲೆ ತೊಟ್ಟಿ ನೋಡಿದ.

“ಯಾರ ತಗದಾರ ಇದನ್ನ?”

“ನಾನ ತಗದೀನ್ರಿ.”

“ಯಾರನ್ನ ಕೇಳಿ?”

“ಕೇಳಿದ್ನಿ. ಮೂರ ಸಲ ಹೇಳಿದ್ನಿ.”

ಅವನು ಬೈಯಲಿಲ್ಲ. ಘಮೇಲಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಚಿಪ್ಸುಗಳನ್ನು ಬಣ್ಣ ಬಣ್ಣ ಬೇರೆ ಮಾಡತೊಡಗಿದ. ಮಲ್ಲಕ್ಕ ತಾಟು ಬಡಿಸಿ ಮುಂದಿಟ್ಟಳು. ಝುಣಕ ಆರಿತು. ರೊಟ್ಟಿ ಬಿರುಸಾಯಿತು. ಅವನು ಉಣ್ಣಲಿಲ್ಲ. ಅವನು ಉಣ್ಣದೆ ಗುರಲಿಂಗಪ್ಪ ಉಣ್ಣಲಿಲ್ಲ, ಘಾಟಕೋಪರಿನಿಂದ ಬಂದ ಭಾಗವ್ವ ಉಣ್ಣಲಿಲ್ಲ. ಜರಡಿಯ ಗತಿ ಕಂಡ ಮೇಲೆ ಅವಳ ಬಾಯಿ ಮಲಗುವ ತನಕ ನಿಲ್ಲಲಿಲ್ಲ. ಕಸ್ತೂರಿಯೊಬ್ಬಳು ಉಂಡಳು. ಮಲ್ಲಕ್ಕ ಮಾಡಿದ್ದನ್ನೆಲ್ಲ ಮುಚ್ಚಿಟ್ಟು ಹಾಗೆಯೇ ಮಲಗಿದಳು.

ಮಾವ ವಾರಗಟ್ಟಲೆ ಅವಳೊಡನೆ ಮಾತಾಡಲಿಲ್ಲ. “ಆಕಿಗೆ ಹೇಳು, ಚಾ ಮಾಡಂತ,” ಎಂದು ಗೋಡೆಗೆ ಹೇಳುತ್ತಿದ್ದ. ಅಷ್ಟರಲ್ಲಿ ಮೀಸೆಗಳು ಚಿಗುರತೊಡಗಿದವು. ಬೆಳ್ಳಗಿನ ಎಳೆಮೀಸೆ. ಹೊಟ್ಟೆ ತುಂಬಿಕೊಂಡವು. ನೋಡಲು ಬಂದವರಿಗೆ ಅಣವೀರಪ್ಪನೇ ಗಾಜಿನ ಬಳಿ ನಿಂತು ಹೇಳಿದ್ದನ್ನು ಅವಳು ಒಲೆಯ ಮುಂದಿನಿಂದ ಕೇಳಿದಳು: “ಈ ಜಾತಿಗೆ ಉಸುಕ ಬೇಕು. ಕಲ್ಲ ನಡ್ಯಂಗಿಲ್ಲ. ನಾ ಅದಕ್ಕ ತಗಿಸಿಬಿಟ್ಟೆ.”

ಕಸ್ತೂರಿ ವೈನಿಯ ಮುಖ ನೋಡಿದಳು. ವೈನಿ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು.

*

ಎರಡು ತಿಂಗಳೆಂದ ಸೇಠರು ನಾಲ್ಕನೆಯ ತಿಂಗಳಿಗೆ ಬಂದರು. ಬಂದ ಸುದ್ದಿ ತಿಳಿದ ವಾರವೇ ಇಮಾಮಬಿ ಇನ್ನೊಂದು ಸುದ್ದಿ ತಂದಳು.

“ಸೋಮವಾರ ಹೊಸ ಮಂದೀನ ತಗೋತಾರ. ಮುಂಜಾನಿ ಕಾರ್ಖಾನಿ ಭೋಂಗಾ ಊದೂದರಾಗ ಗೇಟಿನ್ಯಾಗ ಇರಬೇಕು. ಈ ಸಲ ತಪ್ಪಿದ್ರ ನಾ ನಿನ್ನ ಹೆಸರ ಎತ್ತಂಗಿಲ್ಲ ಮಲ್ಲಕ್ಕ. ನನಗೂ ಅಲ್ಲೆ ಮಾರಿ ಬೇಕು.”

“ಬರ್ತೀನಿ.”

“ಮನ್ಯಾಗ?”

“ಮೀನ ಹೋಗ್ತಾವ ಐತವಾರ. ಮತ್ತೇನ ಹೇಳ್ತಾರ ಅವರು?”

ಶನಿವಾರ ಅವಳು ಊಟದ ಡಬ್ಬಿಯನ್ನು ಇಮಾಮಬಿಯ ಬಾಗಿಲಿಂದ ತಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದಳು. ಕುದಿಯುವ ನೀರು ಹಾಕಿ ಮತ್ತೆ ತಿಕ್ಕಿದಳು. ಬಿಸಿಲಿಗೆ ಬೋರಲು ಹಾಕಿದಳು.

ಭಾಗವ್ವ ನೋಡುತ್ತ ನಿಂತಿದ್ದಳು. “ಹುಳಾ ಇಟ್ಟ ಡಬ್ಬಿ. ಯಾರ ಉಣ್ತಾರ ಅದರಾಗ?”

“ನಾ ಉಣ್ತೀನಿ.”

ಐತವಾರ ಸೇಠರು ತಾವೇ ಬಂದರು. ಧರ್ಮಣ್ಣನ ಖೋಲಿಯಿಂದ ಕುರ್ಚಿ ಬಂತು. ಏಲಕ್ಕಿ ಹಾಕಿದ ಚಹಾ, ಸೂಸಲ, ಬೆಲ್ಲದ ಶೇಂಗಾ ಉಂಡಿ. ಸೇಠರು ಚಹಾ ಮುಟ್ಟದೆ ಮೊದಲು ಕನ್ನಡಕ ಏರಿಸಿ ತೊಟ್ಟಿಯ ತಳ ನೋಡಿದರು. ಐದು ಮೀಸೆಮೀನುಗಳು ಉಸುಕಿನಲ್ಲಿ ಮೂಗೂರಿ ಮೆರವಣಿಗೆ ಹೊರಟಿದ್ದವು. ಸೇಠರ ಮುಖ ಅರಳಿತು.

“ವಾಹ್ ಮಿಸ್ತ್ರಿ. ನನ್ನಲ್ಲಿದ್ದಾಗಲೂ ಇಷ್ಟು ಚೆನ್ನಾಗಿರಲಿಲ್ಲ,” ಎಂದು ಹಿಂದಿಯಲ್ಲಿ ಹೇಳಿದರು. ಒಂದು ಸತ್ತದ್ದನ್ನು ಅವರು ಕೇಳಲೂ ಇಲ್ಲ. “ಬಾಂದ್ರಾದ ನೆಲ ನಿನ್ನದೇ. ನಾಳೆ ಆಫೀಸಿಗೆ ಬಾ.”

ಅಣವೀರಪ್ಪನ ಕಣ್ಣು ತುಂಬಿದವು. ಅವನು ಬಾಗಿ ಸೇಠರ ಮೊಣಕಾಲು ಮುಟ್ಟಿದ. ಭಾಗವ್ವ ಅಡುಗೆಯ ಮೂಲೆಯಲ್ಲೇ ಲಿಂಗದ ಕರಡಿಗೆ ಹಿಡಿದು ಕಣ್ಣುಮುಚ್ಚಿದಳು. ಸೊಸೆಯನ್ನು ಕರೆದು ಕಾಲಿಗೆ ಬೀಳಿಸಿದರು. ಸೇಠರು ಅವಳ ತಲೆಯ ಮೇಲೆ ಕೈಯಿಟ್ಟು, ಅವಳ ಬೆರಳುಗಳಲ್ಲಿ ಉಳಿದಿದ್ದ ಗೀರಿನ ಕಲೆ ನೋಡಿದರು.

“ಮಾಡಿದವಳು ಈ ಬಹೂ ಅಲ್ಲವೇ? ನಾನು ನೈರೋಬಿಯಿಂದ ಬರುವಾಗಲೇ ಯೋಚಿಸಿದ್ದೇನೆ. ಇನ್ನೂ ಎರಡು ತೊಟ್ಟಿ ಇಡುತ್ತೇನೆ, ಈ ಮೀಸೆಯವನ್ನೇ ಬೆಳೆಸುತ್ತೇನೆ. ಬಹೂ ದಿನಾ ಅಂಧೇರಿಗೆ ಬರಲಿ. ಮೀನು ನೋಡಿಕೊಳ್ಳಲಿ, ಉಳಿದ ಹೊತ್ತು ನಮ್ಮ ಕೆಲಸದ ಬಾಯಿಯ ಕೈಕೆಳಗೆ ಮನೆಗೆಲಸ. ಪಗಾರ ಕೊಡುತ್ತೇನೆ. ಮಧ್ಯಾಹ್ನದ ಊಟ ನಮ್ಮಲ್ಲೇ, ನಾವೆಲ್ಲ ಉಂಡ ಮೇಲೆ. ನಾಳೆಯಿಂದಲೇ ಬರಲಿ.”

ಕಸ್ತೂರಿ ವೈನಿಯ ಕಿವಿಯಲ್ಲಿ ಅದನ್ನು ಕನ್ನಡಕ್ಕೆ ತಿರುಗಿಸತೊಡಗಿದಳು. ಬೇಕಿರಲಿಲ್ಲ. ಮಲ್ಲಕ್ಕನಿಗೆ ಅರ್ಥವಾಗಿತ್ತು.

“ನೋಡು,” ಗುರಲಿಂಗಪ್ಪ ಮೆಲ್ಲಗೆ ಅಂದ, ಖುಷಿಯಿಂದ, “ನೌಕರಿ ನೌಕರಿ ಅಂತಿದ್ದಿ. ಮನಿ ಬಾಗಿಲಿಗೇ ಬಂತು.”

“ಮಾವ ಕರಕೊಂಡ ಹೋಗಿ ಕರಕೊಂಡ ಬರ್ತಾನ,” ಅಂದಳು ಭಾಗವ್ವ, ತಿಂಗಳುಗಳಲ್ಲಿ ಮೊದಲ ಬಾರಿ ಮೆತ್ತಗೆ. “ಗುರ್ತಿದ್ದವ್ರ ಮನಿ. ಕಾರ್ಖಾನಿಯಂಗಲ್ಲ.”

ಅಣವೀರಪ್ಪ ಕೂಡ ಇಷ್ಟು ವಾರಗಳ ಮೇಲೆ ಗೋಡೆ ಬಿಟ್ಟು ನೇರ ಅವಳಿಗೇ ಹೇಳಿದ: “ಹೂಂ ಅನ್ನವಾ. ಸೇಠರು ಕಾಯಾಕತ್ಯಾರ.”

ಗ್ಯಾಲರಿಯ ಬಿಸಿಲಿನಲ್ಲಿ ಡಬ್ಬಿ ಬೋರಲಾಗಿ ಹೊಳೆಯುತ್ತಿತ್ತು. ಮಲ್ಲಕ್ಕ ಸೆರಗು ಸರಿಮಾಡಿಕೊಂಡಳು.

“ಒಲ್ಲೆ,” ಅಂದಳು.



“ಕ್ಯಾ ಬೋಲೀ?” ಸೇಠರು ಕೇಳಿದರು.

ಅಣವೀರಪ್ಪ ಕೈಜೋಡಿಸಿ ನಕ್ಕು, ಸೊಸೆಯ ‘ಒಲ್ಲೆ’ಯನ್ನು ‘ಹೂಂ’ ಮಾಡಿ ಹೇಳಿದ: “ಹಾಂ ಬೋಲ್ತೀ ಹೈ, ಸೇಠ್. ಶರಮ್ ಹೈ, ಗಾಂವ್ ಕೀ ಲಡಕೀ ಹೈ. ಕಲ್ ಸೇ ಆಯೇಗೀ.”

ಸೇಠರು ಸಮಾಧಾನದಿಂದ ಚಹಾದ ಬಸಿಗೆ ಕೈಚಾಚಿದರು. ಈ ಮನೆಗೆ ಬಂದಾಗಿನಿಂದ ಮಲ್ಲಕ್ಕ ಮಾವನ ಎದುರು ಹೊರಗಿನವರೊಡನೆ ಮಾತಾಡಿದವಳಲ್ಲ. ಹಿಂದಿಯನ್ನಂತೂ ನಲ್ಲಿಯ ಪಾಳಿಯಲ್ಲಿ ಬಿಟ್ಟರೆ ಎಲ್ಲೂ ಆಡಿದವಳಲ್ಲ. ಅವಳು ಎರಡು ಹೆಜ್ಜೆ ಮುಂದೆ ಬಂದು ಕುರ್ಚಿಯ ಎದುರು ನಿಂತಳು.

“ನಹೀ ಬೋಲೀ, ಸೇಠ್,” ಅಂದಳು. “ಮೈ ನಹೀ ಆತೀ.”